ರಸ್ತೆ ದಾಟಲು ಪೈಪಿಗೊಂದು ಪರ್ಮಿಷನ್

ಕೆಲವರು ನಗೆಪಾಟಲಾಗಬೇಕಾದರೆ ಸ್ವಲ್ಪವಾದರೂ ಶ್ರಮಪಡಬೇಕು. ನನಗೆ ಆ ತೊಂದರೆ ಇರಲಿಲ್ಲ. ಕೈಯಲ್ಲೊಂದು ಟೇಪು ಹಿಡಿದು ರಸ್ತೆ ಪಕ್ಕ ನಿಂತರೆ ಸಾಕು, ಮಿಕ್ಕಿದ್ದು ತಾನಾಗಿಯೇ ನಡೆದುಹೋಗುತ್ತಿತ್ತು.

ಎಪ್ಪತ್ತರ ದಶಕದಲ್ಲಿ ನಾನು ಹೊಳಲ್ಕೆರೆ ಕಡೆ ರಸ್ತೆ ಇಲಾಖೆಯಲ್ಲಿ ಜೂನಿಯರ್ ಇಂಜಿನಿಯರ್ ಆಗಿದ್ದೆ. ಜನ ಮಾತ್ರ ಹಳೇ ರೂಢಿಯಂತೆ ‘ಓವರ್ಸಿಯರ್ ಸಾಹೇಬ್ರು’ ಎನ್ನುತ್ತಿದ್ದರು. ರಾಜ್ಯ ಹೆದ್ದಾರಿ ಎಂದರೆ ಬರೀ ಟಾರು ಹಾಕಿದ ಭಾಗವಲ್ಲ. ಎರಡೂ ಕಡೆ ಗಡಿಕಲ್ಲಿನವರೆಗೆ ಇರುವ ಮಣ್ಣೂ ಸರ್ಕಾರದ್ದೇ. ಆ ಮಣ್ಣಿನಲ್ಲಿ ಹೊರಗಿನವರು ಏನೇ ಮಾಡಬೇಕಾದರೂ, ನೀರಿನ ಪೈಪು ಹಾಯಿಸಲಿ, ಕರೆಂಟ್ ಕಂಬ ನೆಡಲಿ, ಹೊಲಕ್ಕೆ ಗಾಡಿ ದಾರಿ ಮಾಡಿಕೊಳ್ಳಲಿ, ಮೊದಲು ನನ್ನ ಹತ್ತಿರ ಬರಬೇಕು. ನಾನು ಜಾಗ ನೋಡಿ ವರದಿ ಬರೆಯಬೇಕು. ಆಮೇಲೆ ಚಿತ್ರದುರ್ಗದ ದೊಡ್ಡ ಸಾಹೇಬರು ಮಂಜೂರಾತಿ ಕೊಡಬೇಕು. ‘ಹೂಂ’ ಎನ್ನುವ ಅಧಿಕಾರ ನನಗಿರಲಿಲ್ಲ. ‘ಊಹೂಂ’ ಎನ್ನುವ ಅಧಿಕಾರ ಧಾರಾಳವಾಗಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿ ನಾನೇ.

ಶಾಪ

ನಾನು ಬಾಡಿಗೆಗಿದ್ದದ್ದು ಹೊಸದುರ್ಗದ ರಸ್ತೆಯಲ್ಲಿರುವ ಒಂದು ಹಳ್ಳಿಯಲ್ಲಿ. ಹೆದ್ದಾರಿಯ ಒಂದು ಕಡೆ ಹಳೇ ಊರು. ನೀರಿನ ಟ್ಯಾಂಕು, ನಲ್ಲಿ ಎಲ್ಲ ಅಲ್ಲೇ. ಇನ್ನೊಂದು ಕಡೆ ಹೆದ್ದಾರಿಗೆ ಮುಖ ಮಾಡಿಕೊಂಡು ಹೊಸದಾಗಿ ಎದ್ದ ಮನೆಗಳ ಸಾಲು. ಅದರಲ್ಲಿ ನಮ್ಮ ಮನೆ ಮೊದಲನೆಯದು. ಉಳಿದ ಮನೆಗಳಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ಬಂದು ನಿಂತಿತ್ತು. ಪಂಚಾಯ್ತಿ ಛೇರ್ಮನ್ನರು ಕಟ್ಟಿಸಿದ ಮನೆಯಲ್ಲವೇ, ಮುಂದಿರುವುದು ಸಹಜ ಎಂದುಕೊಂಡಿದ್ದೆ.

ನಮ್ಮ ಸಾಲಿನಲ್ಲಿ ನೀರಿರಲಿಲ್ಲ. ಹೆಂಗಸರು ಬೆಳಿಗ್ಗೆ ಸಂಜೆ ಕೊಡ ಹೊತ್ತು, ಲಾರಿ ಬಸ್ಸುಗಳ ನಡುವೆ ಓಡಿ ದಾಟಿ ನೀರು ತರಬೇಕು. ರಸ್ತೆಯ ಕೆಳಗೊಂದು ಪೈಪು ತೂರಿಸಿದರೆ ಈ ಗೋಳು ತಪ್ಪುತ್ತದೆ ಎಂದು ಛೇರ್ಮನ್ನರು ಅರ್ಜಿ ಹಿಡಿದು ನನ್ನ ಆಫೀಸಿಗೆ ಬಂದರು.

“ಸಾಹೇಬ್ರೆ, ಅಗೆದು, ಪೈಪು ತೂರ್ಸಿ, ಮುಚ್ಚಿಬಿಡ್ತೀವ್ರಿ. ಒಂದು ದಿವ್ಸದ ಕೆಲ್ಸ.”

ಅವರು ನನ್ನ ಮನೆ ಮಾಲೀಕರು. ದಾಕ್ಷಿಣ್ಯಕ್ಕೆ ಬಿದ್ದ ಎಂದು ನಾಳೆ ಯಾರೂ ಆಡಬಾರದಲ್ಲ! ಹಾಗಾಗಿ ಬೇರೆಯವರಿಗಿಂತ ಬಿಗಿಯಾಗಿ ಮುಖ ಮಾಡಿಕೊಂಡೆ.

“ರಸ್ತೆ ಅಂದ್ರೆ ಏನಂತ ತಿಳ್ಕೊಂಡಿದೀರಿ?” ಎಂದೆ. ಉತ್ತರ ನನಗೂ ಸರಿಯಾಗಿ ಗೊತ್ತಿರಲಿಲ್ಲ, ಆದರೆ ಕೇಳಲು ಗಂಭೀರವಾಗಿತ್ತು.

ಅಲ್ಲೇ ಕೂತು ಷರತ್ತು ಬರೆದೆ. ಎರಡೂ ಕಡೆ ಗಡಿಕಲ್ಲು ತೋರಿಸಬೇಕು. ಪೈಪು ಗಡಿಯನ್ನು ದಾಟಿ ಒಂದಡಿಗೆ ನಿಲ್ಲಬೇಕು. ನಲ್ಲಿಯನ್ನು ಅಲ್ಲೇ ಕೂರಿಸಬೇಕು. ಗಡಿಯ ಒಳಗೆ ಕೂರಿಸಿದರೆ ರಸ್ತೆ ಕೆಸರಾಗುತ್ತದೆ. ಒಂದಡಿಯಿಂದ ಮುಂದೆ ಎಳೆದುಕೊಂಡರೆ ಜನ ತೋಟಕ್ಕೆ ಹಾಯಿಸಿಕೊಳ್ಳುತ್ತಾರೆ. ಬರೆದು ಮುಗಿಸಿ ಓದಿಕೊಂಡಾಗ ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಸಂಜೆ ಮನೆಗೆ ಬಂದು ಕುಡಿಯಲು ನೀರು ಕೇಳಿದೆ. ನನ್ನ ಹೆಂಡತಿ ಅರ್ಧ ಲೋಟ ತಂದಿಟ್ಟಳು.

“ಪೈಪಿಗೆ ಯಾರೋ ಪುಣ್ಯಾತ್ಮ ಅಡ್ಡಗಾಲು ಹಾಕವ್ನಂತೆ ಕಣ್ರೀ. ಬೀದಿ ಹೆಂಗಸ್ರೆಲ್ಲ ಸೇರಿ ಶಾಪ ಹಾಕಿದ್ವಿ.”

“ನೀನೂ ಹಾಕಿದೆಯಾ?”

“ಎಲ್ರೂ ಹಾಕುವಾಗ ನಾನೊಬ್ಳು ಸುಮ್ನಿದ್ರೆ ಚೆಂದ ಇರುತ್ತಾ? ಅವ್ನ ಮನೇಲಿ ಕುಡಿಯಾಕೆ ನೀರು ಸಿಗ್ದೆ ಹೋಗ್ಲಿ ಅಂದೆ.”

ಇನ್ನರ್ಧ ಲೋಟ ಕೇಳೋಣವೆಂದು ಬಾಯಿ ತೆರೆದೆ. ಅಡುಗೆಮನೆಯಲ್ಲಿ ಕೊಡ ಬೋರಲು ಬಿದ್ದಿತ್ತು. ಇಷ್ಟು ಬೇಗ ಫಲಿಸುವ ಶಾಪವನ್ನು ನಾನು ಪುರಾಣದಲ್ಲೂ ಕೇಳಿರಲಿಲ್ಲ.

ರೋಲರ್ ಸವಾರಿ

ಆ ಚಳಿಗಾಲದಲ್ಲಿ ಹೊಸದುರ್ಗದ ಕಡೆಯ ರೈತರೊಬ್ಬರು ಹೆದ್ದಾರಿಯಿಂದ ತಮ್ಮ ಹೊಲಕ್ಕೆ ಗಾಡಿ ಇಳಿಯಲು ಒಂದು ದಾರಿ ಬೇಕೆಂದು ಕೇಳಿದ್ದರು. ಜಾಗ ನೋಡಲು ಹೋಗಬೇಕು, ಜೀಪಿಲ್ಲ. ಅವತ್ತು ಆ ಕಡೆ ಹೊರಟಿದ್ದ ಇಲಾಖೆಯ ವಾಹನವೆಂದರೆ ರೋಡ್ ರೋಲರ್ ಒಂದೇ. ಹತ್ತಿ ಡ್ರೈವರ್ ಪಕ್ಕ ನಿಂತೆ. ಅಂಬಾರಿಯಲ್ಲಿ ಹೋದ ಹಾಗೆ ಹೊರಟೆ. ಸಂತೆಗೆ ನಡೆದು ಹೋಗುತ್ತಿದ್ದ ಮುದುಕಿಯೊಬ್ಬಳು ನಮ್ಮನ್ನು ಹಿಂದೆ ಹಾಕಿದಳು. ನಾವು ತಲುಪುವ ಹೊತ್ತಿಗೆ ಸಂತೆ ಮುಗಿಸಿಕೊಂಡು ಎದುರಿಗೆ ಬಂದಳು.

ಆ ಕಡೆ ಸುಗ್ಗಿಯಲ್ಲಿ ರಸ್ತೆಯೇ ಕಣ. ಹುರುಳಿ ಗಿಡ ಕಿತ್ತು ತಂದು ಟಾರಿನ ಮೇಲೆ ಹರಡುತ್ತಾರೆ. ಬಸ್ಸು ಲಾರಿ ಓಡಾಡಿ ಕಾಳು ಉದುರುತ್ತದೆ. ಎತ್ತಿನ ಕೆಲಸ, ಆಳಿನ ಕೆಲಸ ಎರಡೂ ಉಳಿಯುತ್ತವೆ. ಇದನ್ನು ತಡೆಯುವುದೂ ನನ್ನ ಕೆಲಸವೇ. ರೈತರ ಜಾಗದ ಎದುರಿಗೇ ಹಾಸುಗಂಬಳಿಯ ಹಾಗೆ ಹುರುಳಿ ಹರಡಿತ್ತು. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವರು ಕೈಮುಗಿದರು.

“ಬರ್ರಿ ಸಾಹೇಬ್ರೆ, ಬರ್ರಿ. ಇಳೀಬ್ಯಾಡ್ರಿ. ಮ್ಯಾಲೆ ನಿಂತ್ರೆ ಜಾಗ ಚೆಂದ ಕಾಣ್ತೈತೆ. ಒಂದು ಸಲ ಅತ್ಲಾಗೆ ಹೋಗಿ ಇಳಿಜಾರು ಎಷ್ಟೈತೆ ನೋಡ್ರಿ.”

ಮಾತು ಸರಿ ಎನ್ನಿಸಿತು. ಅತ್ತ ಹೋದೆವು.

“ಈಗ ಇತ್ಲಾಗಿಂದ ನೋಡ್ರಿ. ತಿರುವು ಕಾಣ್ತೈತಾ?”

ಇತ್ತ ಬಂದೆವು. ತಿರುವು ಕಾಣುವುದಿಲ್ಲ ಎಂದೆ. ಹಾಗಾದರೆ ಇನ್ನೊಂದು ಸಲ ನೋಡಿರಿ ಎಂದರು. ನನ್ನ ಸೂಕ್ಷ್ಮ ಪರಿಶೀಲನೆಯ ಮೇಲೆ ಜನಕ್ಕೆ ಇಷ್ಟು ಗೌರವವಿದೆಯಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು. ಬಿಸಿಲು ಇಳಿಯುವವರೆಗೆ ಅತ್ತ ಇತ್ತ ಓಡಾಡಿದೆವು.

ಅಷ್ಟರಲ್ಲಿ ಅವರ ಹೆಂಡತಿ ಮೊರ ಹಿಡಿದು ಬಂದರು. ಗಿಡ ಸರಿಸಿ, ಒಂದು ಬೊಗಸೆ ಎತ್ತಿ ನೋಡಿದರು. ಕಾಳೇ ಇಲ್ಲ. ಅರ್ಧ ಬೇಳೆ, ಅರ್ಧ ಹಿಟ್ಟು.

“ನಿನ್ ಬುದ್ಧಿಗಿಷ್ಟು! ಲಾರಿ ಹತ್ತಿಸ್ಕೊ ಅಂದ್ರೆ ರೋಲರ್ ಹತ್ತಿಸ್ಕೊಂಡು ಕುಂತಿದೀಯಲ್ಲೋ!” ಎಂದು ಗಂಡನ ಮೇಲೆ ಎಗರಿದರು. ಆಗ ನನಗೆ ನನ್ನ ಪರಿಶೀಲನೆಯ ಮರ್ಮ ತಿಳಿಯಿತು. ರೈತರು ತಲೆ ಕೆರೆದುಕೊಂಡು ನನ್ನ ಕಡೆ ತಿರುಗಿದರು.

“ಆಗಿದ್ದಾತು ಬಿಡ್ರಿ. ಸಾಹೇಬ್ರೆ, ಮನೆಗೆ ಹಿಟ್ಟೇನಾರ ಬೀಸ್ಸೋದೈತಾ? ತಂದ್ರೆ ಇಲ್ಲೇ ಹಾಕಾಣ.”

ಮನೆಗೆ ಬಂದು ಹೇಳಿದರೆ ಹೆಂಡತಿ ನಗಲಿಲ್ಲ. “ಅವ್ರ ಹುರುಳೀಗೆ ಅಷ್ಟು ಸಲ ಓಡಾಡಿದ್ರಿ. ನಮ್ ಪೈಪಿಗೆ ಒಂದು ಸಲ ರಸ್ತೆ ದಾಟ್ರಿ,” ಎಂದು ಕೊಡ ಎತ್ತಿಕೊಂಡು ಹೋದಳು.

ಕೆಂಪು ಗುರುತು

ಹಿರಿಯೂರಿನ ಓವರ್ಸಿಯರ್ ರಜೆ ಹಾಕಿದ್ದರಿಂದ ಕೆಲವು ದಿನ ಅಲ್ಲಿಯ ಕೆಲಸವೂ ನನ್ನ ತಲೆಗೆ ಬಿತ್ತು. ಐಮಂಗಲದಿಂದ ಒಳಗೆ ಹೋಗುವ ಒಂದು ರಸ್ತೆಯ ಪಕ್ಕ ಕಂಬ ನೆಡಲು ಕರೆಂಟ್ ಇಲಾಖೆಯವರು ಕೇಳಿದ್ದರು. ಎಲ್ಲೆಲ್ಲಿ ನೆಡಬಹುದು ಎಂದು ಗುರುತು ಹಾಕಿಕೊಡಬೇಕು. ನಮ್ಮ ರಸ್ತೆ ಗ್ಯಾಂಗಿನ ಮೇಸ್ತ್ರಿ ಮೊಣಕಾಲೆತ್ತರದ ಕಲ್ಲು ನಿಲ್ಲಿಸುತ್ತಾ ಹೋದ. ನಾನು ಹಿಂದಿನಿಂದ ಪ್ರತಿ ಕಲ್ಲಿಗೂ ಕೆಂಪು ಬಣ್ಣ ಬಳಿಯುತ್ತಾ ಹೋದೆ. ಮೇಸ್ತ್ರಿ ಬಳಿಯುತ್ತೇನೆಂದರೂ ಕೊಡಲಿಲ್ಲ. ಸರ್ಕಾರದ ಗುರುತು, ನೀಟಾಗಿರಬೇಕು ನೋಡಿ.

ಬಣ್ಣ ಆರುವ ಮೊದಲೇ ಎರಡು ಕುರಿ ಮಂದೆ ಎದುರುಬದುರಾಗಿ ಬಂದವು. ಕುರಿಗೆ ಮೈ ತುರಿಸುವುದು ಹೆಚ್ಚು. ಬಯಲಿನಲ್ಲಿ ನಿಂತ ಕಲ್ಲು ಕಂಡರೆ ಬಿಡುತ್ತವೆಯೇ? ಸಾಲಾಗಿ ಬಂದು ಉಜ್ಜಿಕೊಂಡವು. ಮೇಸ್ತ್ರಿ “ಹಾಯ್, ಹಾಯ್” ಎಂದು ಓಡಿಸಿದಷ್ಟೂ ಒಂದು ಕಲ್ಲು ಬಿಟ್ಟು ಇನ್ನೊಂದಕ್ಕೆ ಹೋದವು.

ಕುರಿಯವರು ತಮ್ಮ ಮಂದೆ ತಪ್ಪಬಾರದೆಂದು ಮೈ ಮೇಲೆ ಬಣ್ಣದ ಗುರುತು ಹಾಕಿರುತ್ತಾರೆ. ದುರದೃಷ್ಟಕ್ಕೆ ಅವತ್ತು ಒಂದು ಮಂದೆಯ ಗುರುತು ಕೆಂಪು, ಇನ್ನೊಂದರದು ನೀಲಿ. ಒಂದು ಗಳಿಗೆಯಲ್ಲಿ ನೀಲಿ ಮುಚ್ಚಿಹೋಗಿ ಎಲ್ಲವೂ ಕೆಂಪು.

ಕೆಂಪು ಮಂದೆಯ ಯಜಮಾನ ಕಣ್ಣರಳಿಸಿದ. “ಬೆಳಿಗ್ಗೆಗಿಂತ ಈಗ ನಮ್ವು ಜಾಸ್ತಿ ಆಗ್ಯಾವಲ್ಲೋ!”

ನೀಲಿಯವನು ಕೋಲೆತ್ತಿದ. “ಲೇ, ನಂದಕ್ಕೆ ಕೈ ಹಚ್ಚಿದ್ರೆ ನೋಡು.”

“ತಡೀರಪ್ಪ, ನಾನು ಬಗೆಹರಿಸ್ತೀನಿ,” ಎಂದು ನಡುವೆ ಹೋದೆ. ನನ್ನದು ಎಣ್ಣೆ ಬಣ್ಣ, ಹೊಸದು, ವಾಸನೆ ಹೊಡೆಯುತ್ತದೆ. ಅವರದು ಹಳೆಯದು; ವಾಸನೆ ಇರುವುದಿಲ್ಲ. ಎಂಥ ಉಪಾಯ! ಒಂದೊಂದೇ ಕುರಿ ಹಿಡಿದು ಅದರ ಪಕ್ಕೆ ಮೂಸತೊಡಗಿದೆ. ಆ ದಾರಿಗಿದ್ದ ಒಂದೇ ಬಸ್ಸು ಆಗಲೇ ಬಂದು ನಿಂತಿತು. ಸರ್ಕಾರಿ ನೌಕರನೊಬ್ಬ ಕುರಿ ಮೂಸುವುದನ್ನು ಊರೂರ ಜನ ಕಿಟಕಿಯಿಂದ ಕತ್ತು ಹಾಕಿ ನೋಡಿದರು. ಕಂಡಕ್ಟರ್ ರೈಟ್ ಎನ್ನುವುದನ್ನೇ ಮರೆತ.

ನನ್ನ ತೀರ್ಪು ಕುರಿಗಳಿಗೆ ಬೇಕಿರಲಿಲ್ಲ. ಸಾಕಾಯಿತೇನೋ, ತಮ್ಮ ತಮ್ಮ ಯಜಮಾನರ ಹಿಂದೆ ತಾವೇ ಹೊರಟವು. ನಾನು ಬೆವರು ಒರೆಸಿಕೊಂಡು ತಿರುಗಿದೆ. ಹಿಂದಿನಿಂದ ಯಾರೋ ಕಿಸಕ್ಕೆಂದರು. ದಣಿವಾಯಿತೆಂದು ನಾನೂ ಒಂದು ಕಲ್ಲಿನ ಮೇಲೆ ಕೂತೆದ್ದಿದ್ದೆ.

ಕೆಂಪು ಮಂದೆಯ ಯಜಮಾನ ನನ್ನ ಪ್ಯಾಂಟಿನ ಹಿಂಭಾಗವನ್ನೇ ನೋಡಿ ಹೇಳಿದ: “ಸಾಹೇಬ್ರೆ, ನೀವ್ಯಾಕೆ ಅಲ್ಲೇ ನಿಂತ್ರಿ? ಗುರುತು ನೋಡಿದ್ರೆ ನೀವೂ ನಮ್ ಮಂದೇರೇ. ಬರ್ರಿ, ಹೋಗಾಣ.”

ಕಲ್ಲಿಗಾಗಿ ಊರೆಲ್ಲ

ಇತ್ತ ಪೈಪಿನ ಅರ್ಜಿ ಅಲ್ಲೇ ಇತ್ತು. ಹಳೇ ಊರಿನ ಕಡೆಯ ಗಡಿಕಲ್ಲು ಹೋಟೆಲಿನ ಪಕ್ಕ ನೆಟ್ಟಗೆ ನಿಂತಿತ್ತು. ನಮ್ಮ ಕಡೆಯದು ಮಾತ್ರ ನಾಪತ್ತೆ. “ಅದು ಸಿಗೋವರೆಗೂ ನಾನು ಬರೆಯೋದಿಲ್ಲ,” ಎಂದೆ.

ಛೇರ್ಮನ್ನರು ಗಂಟಲು ಸರಿಮಾಡಿಕೊಂಡರು. “ಒಂದು ಕಲ್ಲಿಗೆ ಯಾಕ್ರಿ ಅಷ್ಟು...”

“ಒಂದು ಕಲ್ಲಲ್ಲ. ಸರ್ಕಾರಿ ಆಸ್ತಿ. ಕದ್ದವರ ಮೇಲೆ ಕೇಸಾಗುತ್ತೆ,” ಎಂದು ಗುಡುಗಿದೆ. ಅವರು ಟವೆಲ್ ಕೊಡವಿಕೊಂಡು ಹೊರಟರು.

ಮೇಸ್ತ್ರಿಯನ್ನು ಕರೆದುಕೊಂಡು ಮನೆ ಮನೆ ಹೊಕ್ಕೆ. ಹೊಸ್ತಿಲು ನೋಡಿದೆ, ರುಬ್ಬುವ ಕಲ್ಲು ನೋಡಿದೆ, ದನ ಕಟ್ಟುವ ಗೂಟ ನೋಡಿದೆ. ಕಂಡವರಿಗೆಲ್ಲ ಸರ್ಕಾರಿ ಆಸ್ತಿಯ ಬಗ್ಗೆ ಭಾಷಣ ಮಾಡಿದೆ. ಒಬ್ಬ ಅಜ್ಜಿ ತನ್ನ ಒರಳುಕಲ್ಲನ್ನು ತಬ್ಬಿಕೊಂಡು ಕೂತುಬಿಟ್ಟಳು.

ಸೋತು ಸುಣ್ಣವಾಗಿ ಮನೆಗೆ ಬಂದೆ. ಹಿತ್ತಲಲ್ಲಿ ಹೆಂಡತಿ ನನ್ನ ಕೆಂಪು ಪ್ಯಾಂಟನ್ನು ಕಲ್ಲಿಗೆ ಕುಕ್ಕಿ ಕುಕ್ಕಿ ಒಗೆಯುತ್ತಿದ್ದಳು. ಕೈಕಾಲು ತೊಳೆಯೋಣವೆಂದು ಹೋದ ಮೇಸ್ತ್ರಿ ಅಲ್ಲೇ ಕುಕ್ಕರಿಸಿದ. “ಸಾಹೇಬ್ರೆ, ಸ್ವಲ್ಪ ಇಲ್ಲಿ ಬರ್ರಿ.”

ಬಗ್ಗಿ ನೋಡಿದೆ. ಒಗೆಯುವ ಕಲ್ಲಿನ ಮೈಯಲ್ಲೇ, ಸೋಪಿನ ನೊರೆಯ ನಡುವೆ ನಮ್ಮ ಇಲಾಖೆಯ ಅಕ್ಷರ ಫಳಫಳ ಹೊಳೆಯುತ್ತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವರ ಕಥೆ ಕೇಳಿ ನಕ್ಕವನು ನಾನು.

ಛೇರ್ಮನ್ನರನ್ನು ಕರೆಸಿದೆ. “ಮನೆ ಕಟ್ಟುವಾಗ ಅಡ್ಡ ಬಂತು, ಕಿತ್ತು ಹಿಂದಕ್ಕೆ ಹಾಕಿಸ್ದೆ,” ಎಂದು ಮೆಲ್ಲಗೆ ಹೇಳಿದರು. ಎಲ್ಲಿತ್ತು ಎಂದರೆ “ಇಲ್ಲೇ ಎಲ್ಲೋ” ಎಂದು ಗಾಳಿಯಲ್ಲಿ ಕೈಯಾಡಿಸಿದರು.

“ಮೊದಲೇ ಯಾಕೆ ಹೇಳಲಿಲ್ಲ?”

“ಕೇಸಾಗುತ್ತೆ ಅಂದ್ರಲ್ರಿ. ನಂಗೆ ನನ್ ಚಿಂತೆ ಇರ್ಲಿಲ್ಲ ಸಾಹೇಬ್ರೆ. ದಿನಾ ಅದ್ರ ಮ್ಯಾಲೆ ಒಗೆಯೋರು ಅಮ್ಮಾವ್ರು. ಅವ್ರ ಮ್ಯಾಲೆ ಕೇಸು ಹಾಕಾಕೆ ನಿಮ್ಗೆ ಧೈರ್ಯ ಐತೋ ಇಲ್ವೋ ಅಂತ.”

ಹೊಸ ಅರ್ಜಿದಾರರು

ಕಲ್ಲು ಸಿಕ್ಕಿತು, ಆದರೆ ಅದರ ಜಾಗದಲ್ಲಿ ಇರಲಿಲ್ಲವಲ್ಲ. ಇದಕ್ಕೇನು ಬರೆಯುವುದೆಂದು ನಾನು ಮತ್ತೆ ಹಿಂದೆ ಮುಂದೆ ನೋಡಿದೆ. ಒಂದು ದಿನ ಆಫೀಸಿನ ಮುಂದೆ ಅರ್ಜಿದಾರರ ಸಾಲಿನಲ್ಲಿ ನನ್ನ ಹೆಂಡತಿ ನಿಂತಿದ್ದಳು. ಸೊಂಟದಲ್ಲಿ ಖಾಲಿ ಕೊಡ. ತನ್ನ ಸರದಿ ಬಂದಾಗ ಒಳಗೆ ಬಂದು ಕೊಡವನ್ನು ನನ್ನ ಮೇಜಿನ ಮೇಲೆ ಠಣ್ ಎಂದು ಇಟ್ಟಳು. ಹಿಂದಿನ ದಿನ ಲಾರಿಯೊಂದು ಅವಳ ಸೆರಗಿಗೆ ತಾಗುವಷ್ಟು ಹತ್ತಿರ ಹೋಗಿತ್ತಂತೆ. ಮನೆಯಲ್ಲಿ ನನಗೆ ಹೇಳಿರಲಿಲ್ಲ. ಆಫೀಸಿನಲ್ಲಿ, ಹತ್ತು ಜನರ ಮುಂದೆ ಹೇಳಿದಳು. ಕೂತಲ್ಲಿಂದ ಅರ್ಧ ಎದ್ದೆ. ಏನಾದರೂ ಸಮಾಧಾನ ಹೇಳಬೇಕು. ಆದರೆ ಕುರ್ಚಿಯ ಅಭ್ಯಾಸ ಕೆಟ್ಟದ್ದು. ಬಾಯಿಂದ ಬಂದದ್ದು ಇಷ್ಟೇ:

“ಅರ್ಜಿ ತಂದಿದೀಯಾ?”

“ಅರ್ಜಿ ಮನೇಲೈತ್ರಿ ಸಾಹೇಬ್ರೆ,” ಎಂದಳು. “ಊಟಕ್ಕೆ ಬರ್ತೀರಲ್ಲ, ಆವಾಗ ಬಡಿಸ್ತೀನಿ.”

ಊಟದ ಹೊತ್ತಿಗೆ ಮೊದಲೇ ವರದಿ ಚಿತ್ರದುರ್ಗದ ಬಸ್ಸು ಹತ್ತಿತ್ತು.

ಗಡಿ

ಮಂಜೂರಾತಿ ಬಂತು. ದೊಡ್ಡ ಸಾಹೇಬರು ನನ್ನ ಷರತ್ತುಗಳನ್ನು ಒಂದಕ್ಷರ ಬಿಡದೆ ಎತ್ತಿ ಬರೆದಿದ್ದರು. ಬೀದಿಗೆ ಬೀದಿಯೇ ನೆರೆಯಿತು. ರಸ್ತೆ ಅಗೆದು ಪೈಪು ತೂರಿಸಿ, ಈ ಕಡೆ ಮನೆಮನೆಗೂ ಕವಲು ಬಿಟ್ಟರು. ಗಡಿ ಎಲ್ಲಿ ಬರುತ್ತದೆಂದು ನಾನು ರಸ್ತೆಯ ನಡುವಿನಿಂದ ಟೇಪು ಹಿಡಿದು ಅಳೆದೆ. ಬೇರೆ ಮನೆಗಳ ಮುಂದೆ ಗಡಿ ಅಂಗಳದಲ್ಲೇ ಮುಗಿಯಿತು. ಅಲ್ಲಿಂದ ಒಂದಡಿಗೆ ನಲ್ಲಿ ಎದ್ದವು. ಹೆಂಗಸರು ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿದರು.

ನಮ್ಮ ಮನೆಗೆ ಬಂದೆ. ಟೇಪು ಅಂಗಳದಲ್ಲಿ ನಿಲ್ಲಲಿಲ್ಲ. ಜಗಲಿಯಲ್ಲಿ ನಿಲ್ಲಲಿಲ್ಲ. ಹೊಸ್ತಿಲು ದಾಟಿ, ಹಾಲ್ ಹೊಕ್ಕು, ನಾನು ದಿನಾ ಪೇಪರ್ ಓದುವ ಕುರ್ಚಿಯ ಹಿಂದೆ ಹೋಗಿ ನಿಂತಿತು. ನಾಲ್ಕು ಹೆಜ್ಜೆ ಮುಂದೆ ಬಂದ ಮನೆಯ ಗುಟ್ಟು ಆಗ ಬಯಲಾಯಿತು. ಛೇರ್ಮನ್ನರು ಆಕಾಶ ನೋಡತೊಡಗಿದರು.

“ಹಿತ್ತಲಿಗೆ ಎಳೆದುಬಿಡಾಣ,” ಎಂದ ಮೇಸ್ತ್ರಿ.

“ಒಂದಡಿಗಿಂತ ಮುಂದೆ ಎಳೆಯಂಗಿಲ್ಲ ಅಂತ ಐತೆ,” ಎಂದರು ಛೇರ್ಮನ್ನರು.

“ಅಂಗಳದಾಗೆ ಹಾಕಾಣ.”

“ಗಡಿ ಒಳಗೆ ಹಾಕಂಗಿಲ್ಲ ಅಂತ್ಲೂ ಐತೆ.”

“ಯಾರ್ರೀ ಇಂಥಾ ಷರತ್ತು ಬರೆದೋರು?” ಎಂದ ಮೇಸ್ತ್ರಿ. ಎಲ್ಲರೂ ನನ್ನನ್ನು ನೋಡಿದರು, ಅಷ್ಟೇ.

ಹೀಗೆ ನಮ್ಮ ಮನೆಯ ಹಾಲಿನ ನಟ್ಟನಡುವೆ, ಚಪ್ಪಡಿ ಸೀಳಿಕೊಂಡು, ಒಂದು ನಲ್ಲಿ ಎದ್ದು ನಿಂತಿತು. ಅಡಿಯಲ್ಲೊಂದು ಬಕೀಟು. ಬೀದಿಯವರೆಲ್ಲ ಬಂದು ನೋಡಿಕೊಂಡು ಹೋದರು. ನನ್ನ ಹೆಂಡತಿ ಮಾತ್ರ ಖುಷಿಯಾಗಿದ್ದಳು. ಹೆದ್ದಾರಿ ದಾಟಿ ನೀರು ತರುವುದು ತಪ್ಪಿತಲ್ಲ, ಅದಕ್ಕಿಂತ ಅವಳಿಗೆ ಇನ್ನೇನು ಬೇಕು?

ಕೆಲವು ದಿನಕ್ಕೆ ದೊಡ್ಡ ಸಾಹೇಬರು ಕೆಲಸ ನೋಡಲು ಬಂದರು. ತಪಾಸಣೆಗೆ ಬಂದ ಸಾಹೇಬರಿಗೆ ನಮ್ಮಂಥವರ ಮನೆಯಲ್ಲೇ ಊಟ ಎಂಬುದು ಇಲಾಖೆಯ ಪದ್ಧತಿ. ಗಡಿ ಕಾಯುವವನೇ ಗಡಿಯೊಳಗೆ ಸಂಸಾರ ಹೂಡಿದ್ದಾನೆ ಎಂದು ಗೊತ್ತಾದರೆ ಕೆಲಸ ಉಳಿಯುತ್ತದೆಯೇ? ನಲ್ಲಿಯ ಮೇಲೆ ಒಂದು ಶಾಲು ಹೊದಿಸಿ, ಮೇಲೊಂದು ಹೂವಿನ ಹಾರ ಹಾಕಿದೆ. ನೋಡಿದವರು ಯಾವುದೋ ದೇವರು ಎಂದುಕೊಳ್ಳಲಿ ಎಂದು.

ಸಾಹೇಬರು ಬಂದು ನನ್ನ ಕುರ್ಚಿಯಲ್ಲೇ ಕೂತರು. ಛೇರ್ಮನ್ನರು ಬಾಗಿಲಲ್ಲಿ ನಿಂತು ಬೆವರುತ್ತಿದ್ದರು. ಸಾಹೇಬರು ದೇವರಿಗೆ ಕೈಮುಗಿದರು. ನಾನೂ ಮುಗಿದೆ, ನಿಜವಾದ ಭಕ್ತಿಯಿಂದಲೇ ಮುಗಿದೆ.

“ಊಟಕ್ಕೆ ಏಳ್ರಿ ಸಾರ್,” ಎಂದಳು ನನ್ನ ಹೆಂಡತಿ.

“ಕೈ ತೊಳೀಬೇಕಲ್ಲಮ್ಮ. ನೀರೆಲ್ಲಿದೆ?”

ನಾನು ಹಿತ್ತಲಿಗೆ ಓಡುವಷ್ಟರಲ್ಲಿ ಅವಳು ಶಾಲು ತೆಗೆದು ನಲ್ಲಿ ತಿರುಗಿಸಿಯೇಬಿಟ್ಟಳು. ನೀರು ಬಕೀಟಿಗೆ ಧೋ ಎಂದು ಬಿತ್ತು.

ಸಾಹೇಬರು ನಲ್ಲಿ ನೋಡಿದರು, ನನ್ನನ್ನು ನೋಡಿದರು. “ಏನ್ರೀ ಇದು? ಹಾಲ್ ಮಧ್ಯ ನಲ್ಲಿ?”

ಉತ್ತರ ಹೇಳಿದವಳು ಅವಳೇ.

“ನೀವೇ ಮಂಜೂರು ಮಾಡಿದ್ರಲ್ಲ ಸಾರ್, ಗಡಿ ದಾಟಿ ಒಂದಡಿಗೆ ಅಂತ. ನಲ್ಲಿಯಿಂದ ಆ ಕಡೆ ನಮ್ಮನೆ. ನೀವು ಕುಂತಿರೋದು ಹೆದ್ದಾರಿ ಮ್ಯಾಲೆ.”

ದೊಡ್ಡ ಸಾಹೇಬರು ತಾವು ಕೂತ ಕುರ್ಚಿ ನೋಡಿದರು, ಕಾಲಡಿಯ ಚಪ್ಪಡಿ ನೋಡಿದರು. ಮೆಲ್ಲಗೆ ಎದ್ದು ನಿಂತರು. ಬಲಕ್ಕೊಮ್ಮೆ ನೋಡಿದರು. ಎಡಕ್ಕೊಮ್ಮೆ ನೋಡಿದರು. ಯಾವ ಲಾರಿಯೂ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಸರಸರನೆ ದಾಟಿ ಬಂದು ಕೈ ತೊಳೆದುಕೊಂಡರು.